ಸಿ ಆಂಡ್ ಡಿ ಜಾಗ: ಭೂಮಿ ರಾಜ್ಯದ ವಿಷಯ ಅಂದಮೇಲೆ ಕೇಂದ್ರದ ಒಪ್ಪಿಗೆ ಯಾಕೆ?

ಪ್ರಶ್ನೆ (ಸೋಮವಾರಪೇಟೆ):
ಸಿ ಆಂಡ್ ಡಿ ಜಾಗದಲ್ಲಿ (ಸಿ ಮತ್ತು ಡಿ ವರ್ಗ ಅಂತ ಗುರುತಿಸಿದ ಸರ್ಕಾರಿ ಜಾಗ) ಕಾಫಿ ಹಾಕಿದವರು ಸಾಗುವಳಿ ಸಕ್ರಮಕ್ಕೆ ನಮೂನೆ 57ರ ಅರ್ಜಿ ಕೊಟ್ಟಿದ್ದರೆ, ಕೇಂದ್ರದ ಒಪ್ಪಿಗೆ ಬೇಕು ಅಂತ ಅರಣ್ಯ ಇಲಾಖೆ ಆಕ್ಷೇಪ ಹಾಕುತ್ತದೆ. ಭೂಮಿ ಸಂವಿಧಾನದ ರಾಜ್ಯ ಪಟ್ಟಿಯ 18ನೇ ನಮೂದು. ಭೂಕಂದಾಯ ಕಾಯ್ದೆಯೇ ಅಕ್ರಮ-ಸಕ್ರಮಕ್ಕೆ ದಾರಿ ಕೊಟ್ಟಿದೆಯಲ್ಲ?

ಉತ್ತರ 1:
ಭೂಮಿ ರಾಜ್ಯದ್ದೇ. ಅರಣ್ಯ ಹಾಗಲ್ಲ. 1976ರ 42ನೇ ತಿದ್ದುಪಡಿ ಅರಣ್ಯವನ್ನು ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ಸೇರಿಸಿತು (17ಎ ನಮೂದು). ಆಮೇಲೆ ಬಂದ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ 2ನೇ ಸೆಕ್ಷನ್, ರಾಜ್ಯದ ಬೇರೆ ಕಾನೂನಿನಲ್ಲಿ ಏನೇ ಇದ್ದರೂ ಕೇಂದ್ರದ ಪೂರ್ವಾನುಮತಿ ಇಲ್ಲದೆ ಅರಣ್ಯವನ್ನು ಬೇರೆ ಉಪಯೋಗಕ್ಕೆ ಕೊಡಬಾರದು ಅನ್ನುತ್ತದೆ. ಕಾಫಿ ತೋಟವೂ ಬೇರೆ ಉಪಯೋಗವೇ. ಸಂವಿಧಾನದ 254ನೇ ವಿಧಿಯಂತೆ ಕೇಂದ್ರದ ಕಾಯ್ದೆ ಮೇಲು.

ಉತ್ತರ 2:
254 ಅಂತ ಒಂದೇ ಮಾತಿಗೆ ಮುಗಿಸಬೇಡಿ. ಅದು ಮುಖ್ಯವಾಗಿ ಸಮವರ್ತಿ ಪಟ್ಟಿಯ ಘರ್ಷಣೆಗೆ. ರಾಜ್ಯದ ಕಾಯ್ದೆ ಇಡಿಯಾಗಿ ಬೀಳುವುದಿಲ್ಲ, ವಿರೋಧ ಇರುವಷ್ಟು ಭಾಗ ಮಾತ್ರ. ರಾಷ್ಟ್ರಪತಿಯ ಅಂಕಿತ ಪಡೆದಿದ್ದರೆ 254(2)ರಂತೆ ಆ ರಾಜ್ಯದಲ್ಲಿ ಅದೇ ನಡೆಯುತ್ತದೆ. ಕಂಬಳಕ್ಕಾಗಿ ಕೇಂದ್ರದ ಪ್ರಾಣಿಹಿಂಸೆ ತಡೆ ಕಾಯ್ದೆಗೆ ರಾಜ್ಯ ಮಾಡಿದ ತಿದ್ದುಪಡಿಗೆ ಅಂಕಿತ ಸಿಕ್ಕಿತ್ತು, 2023ರ ಮೇ 18ರಂದು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಹಾಗಿದ್ದರೂ ಸಂಸತ್ತು ಮತ್ತೆ ಕಾಯ್ದೆ ಮಾಡಿ ಅದನ್ನು ಅಳಿಸಬಹುದು. ಕೊಡಗಿನವರಿಗಿರುವ ಕೋವಿ ಪರವಾನಗಿ ವಿನಾಯಿತಿಯಲ್ಲಂತೂ ಈ ಪ್ರಶ್ನೆಯೇ ಇಲ್ಲ: ಆಯುಧ ಕೇಂದ್ರ ಪಟ್ಟಿಯ 5ನೇ ನಮೂದು, ಆಯುಧ ಕಾಯ್ದೆಯ 41ನೇ ಸೆಕ್ಷನ್ನಿನ ವಿನಾಯಿತಿ ಕೊಡುವುದೂ ತೆಗೆಯುವುದೂ ಕೇಂದ್ರವೇ.

ನಿಮ್ಮ ಜಾಗದಲ್ಲಿ ನಿಜವಾದ ಜಗಳ ಅದು ಅರಣ್ಯವೋ ಅಲ್ಲವೋ ಎಂಬುದು. ಪಹಣಿಯಲ್ಲಿ 'ಸರ್ಕಾರ' ಅಂತಿದ್ದರೆ ಸಾಲದು. 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಸೆಕ್ಷನ್ 4ರ ಅಧಿಸೂಚನೆ ಆಗಿದೆಯೇ, ಸೆಕ್ಷನ್ 17ರ ಅಂತಿಮ ಘೋಷಣೆ ಆಗಿದೆಯೇ, ನಿಮ್ಮ ಸರ್ವೆ ನಂಬರ್ ಚಕ್ಕುಬಂದಿಯೊಳಗೆ ಬರುತ್ತದೆಯೇ, ಪ್ರತಿ ತೆಗೆಸಿ ನೋಡಿ. ಅಧಿಸೂಚನೆ ಇಲ್ಲದಿದ್ದರೂ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 12ರಂದು ಕೊಟ್ಟ ಆದೇಶದಂತೆ, ಸರ್ಕಾರಿ ದಾಖಲೆಯಲ್ಲಿ ಅರಣ್ಯ ಅಂತ ಬರೆದ ಜಾಗಕ್ಕೂ 1980ರ ಕಾಯ್ದೆ ತಾಗುತ್ತದೆ. ಇದನ್ನು ನೋಡದೆ ಅಕ್ರಮ-ಸಕ್ರಮ ಸಮಿತಿ ಸಾಗುವಳಿ ಚೀಟಿ ಕೊಟ್ಟರೆ, ಆಮೇಲೆ ರದ್ದಾಗಿ ರೈತನೇ ಕೋರ್ಟಿಗೆ ಅಲೆಯಬೇಕಾಗುತ್ತದೆ.

ಉತ್ತರ 3:
ಅರಣ್ಯದಲ್ಲಿ ನೆಲೆಸಿರುವ ಜೇನುಕುರುಬ, ಬೆಟ್ಟಕುರುಬ, ಯರವ ಆದಿವಾಸಿ ಕುಟುಂಬಗಳಿಗೆ ನಮೂನೆ 57 ದಾರಿಯೇ ಅಲ್ಲ. ಅವರಿಗಿರುವುದು 2006ರ ಅರಣ್ಯ ಹಕ್ಕು ಕಾಯ್ದೆ, ಅದೂ ಕೇಂದ್ರದ್ದೇ. 2005ರ ಡಿಸೆಂಬರ್ 13ಕ್ಕೆ ಮೊದಲಿನ ಸ್ವಾಧೀನ ತೋರಿಸಬೇಕು, ಗರಿಷ್ಠ 4 ಹೆಕ್ಟೇರ್. ಅರ್ಜಿ ಗ್ರಾಮಸಭೆಯಿಂದ ಉಪವಿಭಾಗ ಸಮಿತಿಗೆ, ಅಲ್ಲಿಂದ ಜಿಲ್ಲಾ ಸಮಿತಿಗೆ. ತಿರಸ್ಕಾರವಾದರೆ 60 ದಿನದೊಳಗೆ ಮೇಲ್ಮನವಿ. ಆದೇಶವನ್ನು ಲಿಖಿತವಾಗಿ ಕೇಳಿ ಪಡೆಯಿರಿ.