ಜಪಸರದಲ್ಲಿ ಬರುವ ‘ರಹಸ್ಯ’: ಗುಟ್ಟು ಎಂದೇ ಅರ್ಥವೇ?

ಪ್ರಶ್ನೆ: ಕಾರವಾರ, ಹೊನ್ನಾವರದ ಕಡೆ ಕ್ರಿಸ್ತುವರ ಮಕ್ಕಳು ಮನೆಯಲ್ಲಿ ಕೊಂಕಣಿಯಲ್ಲೇ ತೇರ್ಸು (ಮಣಿಸರ ಹಿಡಿದು ಹೇಳುವ ಪ್ರಾರ್ಥನೆ, ಕನ್ನಡದಲ್ಲಿ ಜಪಸರ) ಹೇಳುತ್ತಾರೆ, ಓದುಬರಹ ಮಾತ್ರ ಕನ್ನಡದ್ದು. ಅಕ್ಟೋಬರ್ ತಿಂಗಳ ಜಪಸರಕ್ಕೆ ಯುವಜನರಿಗಾಗಿ ಕನ್ನಡದಲ್ಲಿ ಕೈಪುಸ್ತಿಕೆ ಸಿದ್ಧವಾಗುತ್ತಿದೆ. ಪ್ರತಿ ಹತ್ತು ಮಣಿಗೆ ಯೇಸು, ಮರಿಯರ ಬದುಕಿನ ಒಂದು ಪ್ರಸಂಗವನ್ನು ಧ್ಯಾನಿಸುತ್ತೇವಲ್ಲ, ಕೊಂಕಣಿಯಲ್ಲಿ ಅದಕ್ಕಿರುವ ‘ಮಿಸ್ತೆರ್’ ಎಂಬ ಹೆಸರು ಪುಸ್ತಿಕೆಯಲ್ಲಿ ‘ರಹಸ್ಯ’ ಆಗಿದೆ. ಇದರಲ್ಲಿ ಮುಚ್ಚಿಟ್ಟದ್ದೇನು ಎಂದು ಹುಡುಗರು ಕೇಳುತ್ತಾರೆ. ‘ಘಟನೆ’ ಎಂದು ಬದಲಿಸಬಹುದೇ? ಹತ್ತು ಮಣಿಗಳ ಗುಂಪಿಗೆ ‘ದಶಕ’ ಎಂದರೂ ಹತ್ತು ವರ್ಷ ಎಂದೇ ತಿಳಿಯುತ್ತಾರೆ.

ಉತ್ತರ: ‘ರಹಸ್ಯ’ವನ್ನು ದಯವಿಟ್ಟು ಬಿಡಬೇಡಿ. ಮೂಲದ ಗ್ರೀಕ್ ಪದ ‘ಮಿಸ್ತೇರಿಯೊನ್’. ಸಂತ ಪೌಲರು ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ (1:26) ಅದರ ಅರ್ಥ, ತಲೆತಲಾಂತರದಿಂದ ಮರೆಯಾಗಿದ್ದು ಈಗ ಪ್ರಕಟವಾಗಿರುವ ದೇವರ ಸಂಕಲ್ಪ. ಅಂದರೆ ತೆರೆದಿಟ್ಟದ್ದೇ, ಆದರೆ ಎಷ್ಟು ನೋಡಿದರೂ ಮುಗಿಯದ್ದು. ‘ಘಟನೆ’ ಎಂದರೆ ಆಗಿಹೋದ ಸಂಗತಿಯಷ್ಟೇ ಉಳಿಯುತ್ತದೆ. ಸಂಸ್ಕೃತದ ‘ರಹಸ್’ ಎಂದರೆ ಏಕಾಂತ. ಭಗವದ್ಗೀತೆಯ ಆರನೆಯ ಅಧ್ಯಾಯದ ‘ರಹಸಿ ಸ್ಥಿತಃ’ ಅದೇ. ಕೋಣೆಯ ಬಾಗಿಲು ಮುಚ್ಚಿ ಪ್ರಾರ್ಥಿಸು ಎಂಬ ಮತ್ತಾಯನ ಶುಭಸಂದೇಶದ (6:6) ಮಾತಿಗೆ ಇದಕ್ಕಿಂತ ಹತ್ತಿರದ ಪದ ಸಿಗದು.

ಅರ್ಥ ತಿಳಿಯದಿದ್ದರೆ ಕೆಡುವುದು ಪ್ರಾರ್ಥನೆಯೇ. ರಹಸ್ಯದ ಹೆಸರನ್ನು ತಲೆಬರಹದಂತೆ ಓದಿ, ಕೂಡಲೇ ಮಣಿಗೊಂದರಂತೆ ಹೇಳುವ ‘ನಮೋ ಮರಿಯ’ ಪ್ರಾರ್ಥನೆಗೆ ಹಾರುತ್ತಾರೆ. ಮೂರನೆಯ ಮಣಿಗೇ ಮನಸ್ಸು ಬೇರೆಡೆ ಹೋಗಿರುತ್ತದೆ. ಧ್ಯಾನವಿಲ್ಲದ ಜಪಸರ ಆತ್ಮವಿಲ್ಲದ ದೇಹ ಎಂದು ಪೋಪ್ ಆರನೆಯ ಪೌಲ್ 1974ರಲ್ಲೇ ಎಚ್ಚರಿಸಿದ್ದರು. ಆದ್ದರಿಂದ ಪುಸ್ತಿಕೆಯಲ್ಲಿ ಪ್ರತಿ ರಹಸ್ಯದ ಕೆಳಗೆ ಶುಭಸಂದೇಶದ ಎರಡು ಮೂರು ವಾಕ್ಯಗಳನ್ನು ಅಚ್ಚು ಹಾಕಿ. ಸಂತೋಷದ ರಹಸ್ಯಗಳಲ್ಲಿ ಮೊದಲನೆಯದಕ್ಕೆ, ಅಂದರೆ ಯೇಸುವಿನ ಜನನವನ್ನು ದೂತ ಮರಿಯಳಿಗೆ ತಿಳಿಸಿದ ಪ್ರಸಂಗಕ್ಕೆ, ಲೂಕ 1:26–38ರಿಂದ ದೂತನ ಮಾತು, ಮರಿಯಳ ಒಪ್ಪಿಗೆ, ಇವೆರಡು ಸಾಕು. ಓದಿದ ಮೇಲೆ ‘ಸ್ವಲ್ಪ ಹೊತ್ತು ಮೌನ’ ಎಂದು ಬೇರೆ ಸಾಲಿನಲ್ಲೇ ಬರೆಯಿರಿ, ಇಲ್ಲವಾದರೆ ಯಾರೂ ನಿಲ್ಲಿಸುವುದಿಲ್ಲ. ಆಮೇಲೆ ಒಂದು ಪರಲೋಕ ಮಂತ್ರ (ಯೇಸು ಕಲಿಸಿದ ಪ್ರಾರ್ಥನೆ), ಹತ್ತು ನಮೋ ಮರಿಯ, ಒಂದು ತ್ರಿತ್ವಸ್ತುತಿ (ಪಿತ, ಸುತ, ಪವಿತ್ರಾತ್ಮರ ಸ್ತುತಿ). ನಮೋ ಮರಿಯದ ನಡುವೆ ಯೇಸುವಿನ ಹೆಸರು ಬರುವಲ್ಲಿ ದನಿ ಒಂದಿಷ್ಟು ತಡೆಯಲಿ. ಹತ್ತು ಸಲ ಹೇಳುವಾಗಲೂ ಮನಸ್ಸು ಆ ದೃಶ್ಯಕ್ಕೆ ಮರಳುವುದು ಆ ಹೆಸರಿನಲ್ಲೇ.

ಐದೂ ರಹಸ್ಯ ಭಾರವಾದರೆ ಹೊಸಬರು ಒಂದನ್ನೇ ನಿಧಾನವಾಗಿ ಹೇಳಲಿ. ಓಡಿಸಿದ ಐದಕ್ಕಿಂತ ಅದು ಮೇಲು.

‘ದಶಕ’ದ ಬದಲು ‘ಹತ್ತು ಮಣಿ’ ಎನ್ನಿ, ತೊಡಕೇ ಇಲ್ಲ.

ಇನ್ನೊಂದು ಉತ್ತರ: ‘ತೇರ್ಸು’ವಿಗೂ ಒಂದು ಟಿಪ್ಪಣಿ ಇರಲಿ. ಪೋರ್ಚುಗೀಸಿನ ‘ತೆರ್ಸೊ’, ಎಂದರೆ ಮೂರನೆಯ ಒಂದು ಪಾಲು. ಹಿಂದೆ ಸಂತೋಷ, ದುಃಖ, ಮಹಿಮೆ ಎಂದು ಐದೈದರ ಮೂರು ಗುಂಪಾಗಿ ರಹಸ್ಯಗಳು 15, ದಿನಕ್ಕೆ ಐದು. 2002ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಬೆಳಕಿನ ಐದನ್ನು ಸೇರಿಸಿದ ಮೇಲೆ 20 ಆದವು, ಹೆಸರು ಮಾತ್ರ ಹಾಗೇ ನಿಂತಿತು. ವಾರದ ಪಟ್ಟಿಯನ್ನು ಹಳೆಯ ಪುಸ್ತಕದಿಂದ ಇಳಿಸಿಕೊಂಡರೆ ತಪ್ಪುವುದು ಇಲ್ಲೇ. ಅದರಲ್ಲಿ ಗುರುವಾರ ಸಂತೋಷದ್ದು, ಶನಿವಾರ ಮಹಿಮೆಯದು ಎಂದಿರುತ್ತದೆ. ಈಗ ಸೋಮವಾರ, ಶನಿವಾರ ಸಂತೋಷದ್ದು, ಮಂಗಳವಾರ, ಶುಕ್ರವಾರ ದುಃಖದ್ದು, ಬುಧವಾರ, ಭಾನುವಾರ ಮಹಿಮೆಯದು, ಗುರುವಾರ ಬೆಳಕಿನದು.