ಬಚ್ಚಲಿನ ಹೊಸ ಬಾಯ್ಲರ್ ಬಗ್ಗೆ ದೊಡ್ಡಮ್ಮ ಹೇಳುವುದು

ಮಗಳೇ, ನಿನ್ನ ಮೆಸೇಜು ಈಗಷ್ಟೇ ನೋಡಿದೆ. ಒತ್ತಿ ಒತ್ತಿ ಬರೆಯಲು ನನ್ನಿಂದಾಗುವುದಿಲ್ಲ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಉದ್ದ ಆಯಿತು ಅಂತ ಅರ್ಧಕ್ಕೆ ಬಿಡಬೇಡ. ಗ್ರೂಪಿನಲ್ಲಿ ಇರುವವರೆಲ್ಲ ಕೇಳಿ.

ಹೊಸ ಮನೆಯ ಬಚ್ಚಲಿನ ಒಳಗೆ ಮಸಿ, ಅಂದರೆ ಇದ್ದಲು, ಹಾಕಿ ನೀರು ಕಾಯಿಸುವ ಬಾಯ್ಲರ್ ಇಟ್ಟಿದ್ದೀರಿ. ಮಳೆಗಾಲಕ್ಕೆ ಅಂತ 20 ಗೋಣಿ ತೆಂಗಿನ ಗೆರಟೆ ಮಸಿ ಬಂದಿದೆ, ಮೆಟ್ಟಿಲ ಕೆಳಗೆ ಇಡಬಹುದಾ ಅಂತ ಕೇಳಿದ್ದೀಯ. ಕೊನೆಗೆ ಒಂದು ಗೆರೆ ಬರೆದಿದ್ದೀಯ, ಅಮ್ಮನಿಗೆ ನಾಲ್ಕು ದಿನದಿಂದ ಸ್ನಾನ ಮಾಡಿ ಬಂದ ಕೂಡಲೇ ತಲೆನೋವು, ಹೊಟ್ಟೆ ತೊಳೆಸುತ್ತದೆ, ಮಳೆಯ ಥಂಡಿ ಇರಬೇಕು ಅಂತ. ಅದನ್ನು ಓದಿ ನನ್ನ ಕೈಕಾಲು ತಣ್ಣಗಾಯಿತು. ನನಗೆ ಅದು ಥಂಡಿ ಅಂತ ಕಾಣುವುದಿಲ್ಲ. ಇವತ್ತು ಆ ಬಾಯ್ಲರಿಗೆ ಬೆಂಕಿ ಹಾಕಲೇ ಬೇಡಿ. ಅಮ್ಮನನ್ನು ಡಾಕ್ಟರ ಹತ್ತಿರ ಕರಕೊಂಡು ಹೋಗಿ, ಬಚ್ಚಲಲ್ಲಿ ಮಸಿ ಉರಿಸುತ್ತೇವೆ ಅಂತ ನೀವಾಗಿಯೇ ಹೇಳಿ. ಹೇಳದಿದ್ದರೆ ಅವರಿಗಾದರೂ ಹೇಗೆ ಗೊತ್ತಾಗಬೇಕು?

ದೊಡ್ಡಪ್ಪ ಊಟಿಯಲ್ಲಿ ಕೆಲಸದಲ್ಲಿದ್ದದ್ದು ನಿಮಗೆ ಗೊತ್ತೇ ಇದೆ. 1983ರ ಜನವರಿ. ನಮ್ಮ ದೊಡ್ಡವನಿಗೆ ಆಗ ಎಂಟು ತಿಂಗಳು. ಕುಂಬಳೆಯ ಸೆಕೆಯಲ್ಲಿ ಬೆಳೆದವಳು ನಾನು, ಅಲ್ಲಿ ಬೆಳಿಗ್ಗೆ ಎದ್ದರೆ ಹುಲ್ಲಿನ ಮೇಲೆ ಮಂಜು ಉಪ್ಪಿನ ಹಾಗೆ ಗಟ್ಟಿಯಾಗಿರುತ್ತಿತ್ತು. ಒಂದು ರಾತ್ರಿ ಮಗುವಿನ ಕಾಲು ಎಷ್ಟು ತಿಕ್ಕಿದರೂ ಬಿಸಿಯಾಗಲಿಲ್ಲ. ಹೊರಗೆ ಇದ್ದಲಿನ ಒಲೆ ಇತ್ತು. ಹೊಗೆಯೆಲ್ಲ ಹೋಗಿ ಕೆಂಡ ನಿಗಿನಿಗಿ ಆಗುವವರೆಗೆ ಕಾದು, ಆಮೇಲೆ ಒಳಗೆ ತಂದು ಇಟ್ಟೆವು. ಹೊಗೆ ಇಲ್ಲವಲ್ಲ, ಇನ್ನೇನು ಭಯ ಅಂತ. ಕಿಟಕಿಯ ಸಂದಿಗೆ ನನ್ನದೇ ಹಳೆ ಸೀರೆ ತುರುಕಿದೆ.

ಎಷ್ಟು ಹೊತ್ತಿಗೋ ಮಗು ಅತ್ತಿತು. ಏಳಲು ನೋಡಿದೆ. ಕಾಲು ನನ್ನದಲ್ಲ ಅನ್ನುವ ಹಾಗೆ. ತಲೆ ಸಿಡಿಯುತ್ತಿತ್ತು. ದೊಡ್ಡಪ್ಪನನ್ನು ಕರೆದೆ, ಏಳಲಿಲ್ಲ. ಅಷ್ಟರಲ್ಲಿ ಮಗುವಿನ ಅಳು ನಿಂತಿತು. ಪಾಪ, ನಿದ್ರೆ ಬಂತು ಅಂತ ನನಗೆ ಸಮಾಧಾನ ಆಯಿತು. ಆ ಸಮಾಧಾನ ಇದೆಯಲ್ಲ, ಅದನ್ನು ನೆನೆಸಿದರೆ ನನಗೆ ಇವತ್ತಿಗೂ ನಿದ್ರೆ ಬರುವುದಿಲ್ಲ.

ನಮ್ಮನ್ನು ಉಳಿಸಿದ್ದು ವಾಂತಿ. ಒಳಗೆ ಆಗಬಾರದು ಅಂತ ತೆವಳಿಕೊಂಡು ಹೋಗಿ ಚಿಲಕ ಎಳೆದೆ, ಹೊಸ್ತಿಲ ಮೇಲೆಯೇ ಬಿದ್ದೆ. ಪಕ್ಕದ ಮನೆಯ ಅಜ್ಜಿ, ನೀಲಗಿರಿಯ ಬಡಗ ಜನಾಂಗದವರು, ನಾಯಿ ಬೊಗಳಿದ್ದಕ್ಕೆ ಎದ್ದು ಬಂದವರು ಮೊದಲು ಮಗುವನ್ನು ಹೊರಗೆ ತಂದರು, ಆಮೇಲೆ ದೊಡ್ಡಪ್ಪನನ್ನು ಎಳೆದು ಹಾಕಿದರು. ಅವರ ಮಾತು ನಮ್ಮ ಕನ್ನಡಕ್ಕೆ ಹತ್ತಿರ, ಆದರೆ ಆ ಹೊತ್ತಿಗೆ ನನಗೆ ಯಾವ ಮಾತೂ ತಲೆಗೆ ಹೋಗುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಮೂವರಿಗೂ ಆಮ್ಲಜನಕ ಕೊಟ್ಟರು. ಡಾಕ್ಟರು ಹೇಳಿದ್ದು ಹೀಗೆ: ಕೆಂಡಕ್ಕೆ ಗಾಳಿ ಸಾಲದೆ ಹೋದರೆ ಕಾರ್ಬನ್ ಮೊನಾಕ್ಸೈಡ್ ಅನ್ನುವ ಅನಿಲ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಕೂತುಬಿಡುತ್ತದೆ, ಅದೂ ಆಮ್ಲಜನಕಕ್ಕಿಂತ 200 ಪಾಲಿಗೂ ಜಾಸ್ತಿ ಗಟ್ಟಿಯಾಗಿ. ಮರದ ಇದ್ದಲು ಆಗಲಿ, ಗೆರಟೆ ಮಸಿ ಆಗಲಿ, ಕಲ್ಲಿದ್ದಲು ಆಗಲಿ, ಎಲ್ಲದರ ಕಥೆಯೂ ಇದೇ. ಹಾಗಾಗಿ ಹೇಳುತ್ತೇನೆ, ಬಾಗಿಲು ಹಾಕಿದ ಕೋಣೆಯಲ್ಲಿ ಕೆಂಡ ಇಡಬೇಡಿ. ಹೊಗೆ ಕಾಣದಿದ್ದರೂ ಇಡಬೇಡಿ.

ನಮ್ಮ ಹಿರಿಯರಿಗೆ ಈ ಅನಿಲದ ಹೆಸರು ಗೊತ್ತಿರಲಿಲ್ಲ, ಆದರೂ ಬಚ್ಚಲು ಕೊಟ್ಟಿಗೆಯನ್ನು ಮನೆಯಿಂದ ಬೇರೆಯೇ ಕಟ್ಟುತ್ತಿದ್ದರು. ನೀರ್ಚಾಲಿನ ಮನೆಯದ್ದು ನೆನಪಿದೆಯಾ? ಮೂರು ಕಡೆ ಅರ್ಧ ಗೋಡೆ, ಒಲೆಯ ಬಾಯಿ ಹೊರಗಿನಿಂದ. ಹೊಗೆ ಎಲ್ಲ ಹಂಚಿನ ಸಂದಿಯಲ್ಲಿ ಹೋಗುತ್ತಿತ್ತು. ಪಾಲಾದ ಮೇಲೆ ಅದನ್ನು ಕೆಡವುವಾಗ ನನ್ನನ್ನು ಯಾರಾದರೂ ಒಂದು ಮಾತು ಕೇಳಿದಿರಾ? ನಾನು ಮದುವೆಯಾಗಿ ಹೋದವಳು, ಸರಿ. ಆದರೆ ಆ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಬೆರಳು ಸವೆಸಿದ್ದು ನಾನು ಮತ್ತು ಪೆರ್ಲದ ಅಕ್ಕ. ಅದನ್ನು ಗುಜರಿಯವನಿಗೆ ತೂಕಕ್ಕೆ ಹಾಕಿದ್ದು ನನಗೆ ಗೊತ್ತಾದದ್ದು ತಿಥಿಯ ದಿನ, ಊಟಕ್ಕೆ ಕೂತಾಗ. ಕೇಳಿದ್ದರೆ ನಾನೇ ದುಡ್ಡು ಕೊಟ್ಟು ತರುತ್ತಿದ್ದೆ. ಈಗ ಹೇಳಿ ಏನು ಬಂತು. ಹೇಳದೆ ಇರಲೂ ಆಗುವುದಿಲ್ಲ.

ಮತ್ತೊಮ್ಮೆ ಹೇಳುತ್ತೇನೆ. ಬಾಗಿಲು ಹಾಕಿದ ಕೋಣೆಯಲ್ಲಿ ಕೆಂಡ ಬೇಡ. ಮುಳ್ಳೇರಿಯದಲ್ಲಿ ಬಾಣಂತಿ ಇದ್ದಾಳಲ್ಲ, ಅವಳ ಕೋಣೆಗೂ ಬೇಡ. ಧೂಪ ಹಾಕುವುದಿದ್ದರೆ ಕಿಟಕಿ ತೆರೆದು ಹಾಕಿ, ಆದ ಕೂಡಲೇ ಕೆಂಡದ ಚಟ್ಟಿ ಹೊರಗೆ ಇಡಿ. ಚಳಿ ಅಂತ ರಾತ್ರಿಯಿಡೀ ಮಂಚದ ಹತ್ತಿರ ಇಡಬೇಡಿ.

ಅಯ್ಯೋ, ನೀನು ಕೇಳಿದ್ದು ಗೋಣಿಯ ಬಗ್ಗೆ ಅಲ್ವಾ! ಮೆಟ್ಟಿಲ ಕೆಳಗೆ ಬೇಡ. ಅದು ಮನೆಯ ಒಳಗೆ, ಬೆಂಕಿ ಹಿಡಿದರೆ ಮೇಲಿದ್ದವರಿಗೆ ಇಳಿಯಲು ದಾರಿ ಇರುವುದಿಲ್ಲ. ಹೊಸದಾಗಿ ಸುಟ್ಟ ಮಸಿ ಗಾಳಿ ಹೀರಿಕೊಂಡು ತಾನಾಗಿಯೇ ಬಿಸಿಯಾಗುತ್ತದೆ, ಒತ್ತಾಗಿ ಪೇರಿಸಿದರೆ ಒಳಗೊಳಗೇ ಹೊತ್ತಿಕೊಳ್ಳಲೂಬಹುದು. ಎಂದು ಸುಟ್ಟದ್ದು ಅಂತ ತಂದವನನ್ನು ಕೇಳು. ಹೊಸದಾದರೆ ಅಂಗಳದಲ್ಲಿ ಎರಡು ದಿನ ತೆಳ್ಳಗೆ ಹರಡಿ, ಮಳೆ ಬಂದರೆ ಟಾರ್ಪಾಲ್ ಎಳೆಯಿರಿ. ಆಮೇಲೆ ಕಟ್ಟಿಗೆ ಕೊಟ್ಟಿಗೆಯಲ್ಲಿ ಹಲಗೆ ಹಾಕಿ ಅದರ ಮೇಲೆ ಇಡಿ. ಗೋಡೆಗೆ ತಾಗಬಾರದು, ನಡುವೆ ಕೈ ಹೋಗುವಷ್ಟು ಜಾಗ ಇರಲಿ. ವಾರಕ್ಕೊಮ್ಮೆ ಸಾಲಿನ ನಡುವೆ ಕೈ ಹಾಕಿ ನೋಡಿ, ಬೆಚ್ಚಗಿದ್ದರೆ ಆ ಗೋಣಿ ಹೊರಗೆ. ಬೂದಿಯನ್ನು ಕೂಡ ಪ್ಲಾಸ್ಟಿಕ್ ಬಕೆಟಿಗೆ ಸುರಿಯಬೇಡಿ. ಅದರೊಳಗೆ ಕೆಂಡ ಮರುದಿನದವರೆಗೂ ಜೀವ ಹಿಡಿದುಕೊಂಡಿರುತ್ತದೆ. ಮುಚ್ಚಳ ಇರುವ ತಗಡಿನ ಡಬ್ಬಿ ಸಾಕು.

ಇನ್ನು ಬಾಯ್ಲರ್. ಅದನ್ನು ಬಚ್ಚಲಿನಿಂದ ತೆಗೆಸಿ ಹೊರಗಿನ ಜಗಲಿಗೆ ಹಾಕಿಸಿ, ಬಿಸಿನೀರಿನ ಪೈಪು ಮಾತ್ರ ಒಳಗೆ ಬರಲಿ. ಹೊಗೆ ಕೊಳವೆ ಮಾಡಿನ ತುದಿಗಿಂತ ಮೇಲೆ ಹೋಗಬೇಕು, ಕಿಟಕಿಯ ಹತ್ತಿರ ಬಾಯಿ ಬಿಡಬಾರದು. ಒಳಗೆ ಕಾಗೆ ಗೂಡು ಕಟ್ಟಿದೆಯಾ, ಹೊಗೆಯ ಕರಿ ಕಟ್ಟಿದೆಯಾ ಅಂತ ಆಗಾಗ ನೋಡಿಸಿ. ಬೆಂಕಿ ಹಾಕಿದಾಗ ಬಾಯ್ಲರಿನ ಬಾಯಿಯ ಹತ್ತಿರ ಒಂದು ಊದುಬತ್ತಿ ಹಿಡಿ. ಅದರ ಹೊಗೆ ಒಳಕ್ಕೆ ಎಳೆಯಬೇಕು. ಹೊರಗೆ ನಿನ್ನ ಮುಖಕ್ಕೆ ಬಂದರೆ ಕೊಳವೆ ಎಳೆಯುತ್ತಿಲ್ಲ ಅಂತಲೇ ಲೆಕ್ಕ.

ಒಂದು ಕೇಳುತ್ತೇನೆ. ಆ ಬಚ್ಚಲಿಗೆ ಎಕ್ಸಾಸ್ಟ್ ಫ್ಯಾನ್ ಇದೆಯಾ? ಅಮ್ಮ ಬಾಗಿಲು ಕಿಟಕಿ ಹಾಕಿ ಅದನ್ನು ಹಾಕಿಕೊಂಡು ಸ್ನಾನ ಮಾಡುತ್ತಾಳಾ? ಹೊರಗಿನಿಂದ ಗಾಳಿ ಬರಲು ದಾರಿ ಇಲ್ಲದಿದ್ದರೆ ಆ ಫ್ಯಾನ್ ಕೊಳವೆಯಲ್ಲಿ ಮೇಲೆ ಹೋಗಬೇಕಾದದ್ದನ್ನು ವಾಪಸ್ ಕೋಣೆಗೆ ಎಳೆಯುತ್ತದೆ. ನನಗೆ ಅದರ ಮೇಲೆಯೇ ಸಂಶಯ.

ಡಾಕ್ಟರು ಏನು ಹೇಳಿದರು ಅಂತ ರಾತ್ರಿ ಎಷ್ಟು ಹೊತ್ತಾದರೂ ಫೋನ್ ಮಾಡು. ನಾನು ಎದ್ದೇ ಇರುತ್ತೇನೆ. ಕೊಳವೆಯ ಫೋಟೋ ಕೂಡ ಹಾಕು.