ಮೇರಿ ಡ್ರೆಸ್ಲರ್ ಅವರಿಗೆ ಅರವತ್ತು ದಾಟಿದ ಮೇಲೆ ತಾರಾಪಟ್ಟ ಬಂದದ್ದು ಹೇಗೆ?

ಪ್ರಶ್ನೆ:
ಹಾಲಿವುಡ್‌ನ ಆರಂಭಕಾಲದ ಪೋಷಕ ನಟಿಯರಲ್ಲಿ ಮೇರಿ ಡ್ರೆಸ್ಲರ್ ಅವರಷ್ಟು ಏರಿಳಿತ ಕಂಡವರು ವಿರಳ. 1914ರ ‘ಟಿಲ್ಲೀಸ್ ಪಂಕ್ಚರ್ಡ್ ರೊಮ್ಯಾನ್ಸ್’ ಚಿತ್ರಕ್ಕೆ ಅವರೇ ನಾಯಕಿ. ಜೊತೆಗಿದ್ದ ಚಾರ್ಲಿ ಚಾಪ್ಲಿನ್ ಆಗ ಚಿತ್ರರಂಗಕ್ಕೆ ಬಂದು ವರ್ಷವೂ ತುಂಬದ ಹೊಸಬರು. ಇಪ್ಪತ್ತರ ದಶಕದಲ್ಲಿ ಅವಕಾಶಗಳಿಲ್ಲದೆ ಮೂಲೆಗುಂಪಾಗಿದ್ದ ಅದೇ ನಟಿ, 1932 ಮತ್ತು 1933ರಲ್ಲಿ ಚಿತ್ರಮಂದಿರದ ಮಾಲೀಕರು ಗಲ್ಲಾಪೆಟ್ಟಿಗೆ ನೋಡಿ ಆರಿಸಿದ ತಾರೆಯರ ಪಟ್ಟಿಯಲ್ಲಿ ಮೊದಲಿಗರಾದರು. ರಂಗಭೂಮಿಯಲ್ಲಿ ಪಳಗಿದ ಅವರ ಕಂಠಕ್ಕೆ ಮಾತಿನ ಚಿತ್ರಗಳು ಜಾಗ ಕೊಟ್ಟದ್ದರಿಂದಲೇ ಇದು ಸಾಧ್ಯವಾಯಿತೆ? ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ 1:
ಕಂಠದ ಪಾಲು ದೊಡ್ಡದೇ, ಆದರೆ ಅದೊಂದನ್ನೇ ಕಾರಣವೆಂದರೆ ಚಿತ್ರಕಥೆಗಾರ್ತಿ ಫ್ರಾನ್ಸಿಸ್ ಮೇರಿಯನ್ ಅವರಿಗೆ ಅನ್ಯಾಯವಾಗುತ್ತದೆ. ಡ್ರೆಸ್ಲರ್ ಮರಳಿ ಬಂದದ್ದು 1927ರಲ್ಲಿ, ಎಂಜಿಎಂ ಸಂಸ್ಥೆಯ ಮೂಕಿಚಿತ್ರದ ಮೂಲಕ. ಹಳೆಯ ಸ್ನೇಹವನ್ನು ಮರೆಯದ ಮೇರಿಯನ್ ಅದನ್ನು ಬರೆದಿದ್ದರು. ಐರಿಷ್ ಅಮೆರಿಕನ್ನರ ಪ್ರತಿಭಟನೆಯಿಂದಾಗಿ ಆ ಚಿತ್ರವನ್ನು ಹಿಂತೆಗೆದುಕೊಳ್ಳಬೇಕಾಯಿತು. ಗ್ರೆಟಾ ಗಾರ್ಬೋ ಮೊದಲ ಬಾರಿಗೆ ಮಾತನಾಡಿದ 1930ರ ‘ಅನ್ನಾ ಕ್ರಿಸ್ಟಿ’ಯ ಚಿತ್ರಕಥೆಯೂ ಮೇರಿಯನ್ ಅವರದೇ, ಅದರಲ್ಲಿ ಬಂದರಿನ ಕುಡುಕಿ ಮಾರ್ಥಿಯ ಪಾತ್ರ ಡ್ರೆಸ್ಲರ್ ಅವರದು. ಅದೇ ವರ್ಷದ ‘ಮಿನ್ ಅಂಡ್ ಬಿಲ್’ ಬರವಣಿಗೆಯಲ್ಲೂ ಮೇರಿಯನ್ ಇದ್ದರು. ವಯಸ್ಸಾದ, ದಪ್ಪ ಮೈಯ ಹೆಂಗಸನ್ನು ಕಥೆಯ ನಟ್ಟನಡುವೆ ನಿಲ್ಲಿಸುವವರು ಇಲ್ಲದಿದ್ದರೆ ಕಂಠವಿದ್ದೂ ಏನು ಪ್ರಯೋಜನ?

ಉತ್ತರ 2:
ಮೇಲಿನವರ ಮಾತು ಸರಿ, ಆದರೂ ನಟನೆಯನ್ನು ಮರೆಯಬಾರದು. ‘ಮಿನ್ ಅಂಡ್ ಬಿಲ್’ ಕೊನೆಯಲ್ಲಿ, ತಾನು ಸಾಕಿ ಬೆಳೆಸಿದ ಹುಡುಗಿ ಮದುವೆಯಾಗಿ ಗಂಡನೊಡನೆ ಹಡಗಿನಲ್ಲಿ ಹೊರಡುವುದನ್ನು ಮಿನ್ ಜನಜಂಗುಳಿಯ ನಡುವೆ ಮರೆಯಾಗಿ ನಿಂತು ನೋಡುತ್ತಾಳೆ. ಆ ಹುಡುಗಿಗಾಗಿಯೇ ಮಾಡಿದ ಕೊಲೆಗೆ ಪೊಲೀಸರು ಅವಳನ್ನು ಹಿಡಿಯುತ್ತಾರೆ. ಅಲ್ಲಿ ಆ ಮುಖದ ಮೇಲೆ ಸಂಕಟ, ಸಂತೋಷ ಎರಡೂ ಒಟ್ಟಿಗೆ ಮೂಡುವುದನ್ನು ನೋಡಿ ನಾನು ಪ್ರತಿ ಬಾರಿಯೂ ಕಣ್ಣೊರೆಸಿಕೊಂಡಿದ್ದೇನೆ, ಮತ್ತು ಅದಕ್ಕೆ ಮಾತಿನ ಹಂಗೇ ಇಲ್ಲ. ಈ ಪಾತ್ರಕ್ಕೇ 1931ರ ನವೆಂಬರ್ 10ರಂದು, 63 ತುಂಬಿದ ಮರುದಿನ, ಅವರಿಗೆ ಶ್ರೇಷ್ಠ ನಟಿ ಆಸ್ಕರ್ ಬಂದಿತು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. 1927ರ ಚಿತ್ರ ಮೂಕಿಯಾಗಿತ್ತೆಂಬ ಸಂಗತಿಯಿಂದಲೇ ನನ್ನ ಊಹೆ ತಪ್ಪೆಂದು ತಿಳಿಯಿತು.

ಉತ್ತರ 3:
1933ರ ‘ಡಿನ್ನರ್ ಅಟ್ ಎಯ್ಟ್’ ಚಿತ್ರದ ಕೊನೆಯನ್ನೂ ತಾವು ನೋಡಬೇಕು. ತಾನೊಂದು ಪುಸ್ತಕ ಓದುತ್ತಿದ್ದೆನೆಂದು ಜೀನ್ ಹಾರ್ಲೋ ಹೇಳಿದ ಕೂಡಲೇ, ಪಕ್ಕದಲ್ಲಿ ನಡೆಯುತ್ತಿದ್ದ ಡ್ರೆಸ್ಲರ್ ಅವರ ಇಡೀ ಮೈ ಮುಗ್ಗರಿಸಿದಂತೆ ಗಕ್ಕನೆ ನಿಲ್ಲುತ್ತದೆ. ಮರುವರ್ಷ ಜುಲೈನಲ್ಲಿ ಅವರು ಕ್ಯಾನ್ಸರ್‌ನಿಂದ ತೀರಿಕೊಂಡರು.